ಮೀಸೆ ಮಣ್ಣಾಗದ ಜಟ್ಟಿ: ಗರಡಿಮನೆಯ ಮಾತುಗಳ ಹಿಂದಿನ ಚರಿತ್ರೆ

ಜಾತ್ರೆಯ ಕಾಲಕ್ಕೆ ನಮ್ಮ ಕಡೆ ಗೋಡೆಗಳಿಗೆ ಅಂಟುವ ಪೋಸ್ಟರುಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಬಯಲು ಜಂಗಿ ನಿಕಾಲಿ ಕುಸ್ತಿ’. ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೋಗುವಾಗ ಸಿಗುವ ಪಾಪಿನಾಯಕನಹಳ್ಳಿ ನನ್ನೂರು. ಅದಿರಿನ ಲಾರಿಗಳ ಧೂಳಿನಿಂದ ಇಲ್ಲಿನ ಗೋಡೆಗಳೂ ಪೋಸ್ಟರುಗಳೂ ಬೇಗ ಕೆಂಪಾಗುತ್ತವೆ. ಆದರೂ ಆ ನಾಲ್ಕು ಪದಗಳನ್ನು ಯಾರೂ ತಡವರಿಸದೆ ಓದುತ್ತಾರೆ. ಬಯಲು ನಮ್ಮದು. ಜಂಗ್ ಎಂದರೆ ಪಾರ್ಸಿಯಲ್ಲಿ ಯುದ್ಧ. ನಿಕಾಲಿ ಬಂದದ್ದು ಹಿಂದಿ, ಮರಾಠಿಯ ದಾರಿಯಲ್ಲಿ. ಕುಸ್ತಿ ಮತ್ತೆ ಪಾರ್ಸಿ. ನಾಲ್ಕು ಪದಗಳಲ್ಲಿ ಮೂರು ಹೊರಗಿನವು, ಆದರೆ ಓದುವವನಿಗೆ ಅದು ಅಪ್ಪಟ ನಮ್ಮೂರ ಕನ್ನಡ.

ಈ ಸಾಲಿನಲ್ಲಿ ನನ್ನನ್ನು ಹೆಚ್ಚು ಕಾಡಿರುವ ಪದ ‘ನಿಕಾಲಿ’. ಮರಾಠಿಯಲ್ಲಿ ನ್ಯಾಯಾಲಯದ ತೀರ್ಪಿಗೂ ಪರೀಕ್ಷೆಯ ಫಲಿತಾಂಶಕ್ಕೂ ‘ನಿಕಾಲ’ ಎನ್ನುತ್ತಾರೆ. ನಿಕಾಲಿ ಕುಸ್ತಿಯೆಂದರೆ ತೀರ್ಮಾನವಾಗಲೇಬೇಕಾದ ಕುಸ್ತಿ. ಒಬ್ಬನ ಬೆನ್ನು ಮಣ್ಣಿಗೆ ತಾಗುವ ತನಕ ಬಿಡಿಸುವ ಹಾಗಿಲ್ಲ. ಮೈಸೂರು ಸೀಮೆಯಲ್ಲಿ ಇಂಥದಕ್ಕೇ ‘ಮಾರ್ಪಿಟ್ ಕುಸ್ತಿ’ ಎಂಬ ಹೆಸರಿದೆ. ಸ್ವಲ್ಪ ನಿಂತು ಯೋಚಿಸಿ. ಎಲ್ಲ ಕುಸ್ತಿಯೂ ತೀರ್ಮಾನವಾಗುವಂಥದೇ ಆಗಿದ್ದರೆ ಈ ವಿಶೇಷಣ ಯಾರಿಗೆ ಬೇಕಿತ್ತು? ‘ಶುದ್ಧ ತುಪ್ಪ’ ಎಂಬ ಬೋರ್ಡು ಕಂಡಾಗ ಕಲಬೆರಕೆಯ ನೆನಪಾಗುವ ಹಾಗೆ, ‘ನಿಕಾಲಿ’ ಎಂದಾಗ ತೀರ್ಮಾನವಾಗದ, ಇಬ್ಬರೂ ಒಳಗೊಳಗೇ ಒಪ್ಪಿಕೊಂಡು ಸಮ ಮಾಡಿಕೊಳ್ಳುವ ಕುಸ್ತಿಗಳೂ ಇರುತ್ತವೆ ಎಂಬುದು ತಾನಾಗಿ ಹೊರಬೀಳುತ್ತದೆ. ಟಿಕೆಟ್ ಕೊಟ್ಟು ಅಥವಾ ಬಿಸಿಲಲ್ಲಿ ಕೂತು ನೋಡುವ ಜನರ ಅನುಮಾನಕ್ಕೆ ಸಂಘಟಕರು ಮೊದಲೇ ಕೊಟ್ಟ ಉತ್ತರ ಅದು.

ಜಗತ್ತಿನ ಇನ್ನೊಂದು ತುದಿಯಲ್ಲಿ ಇದೇ ಅನುಮಾನ ಬೇರೆಯೇ ಒಂದು ಭಾಷೆಯನ್ನು ಹುಟ್ಟಿಸಿತು. ಅಮೆರಿಕದ ವೃತ್ತಿಪರ ಕುಸ್ತಿ ಬೆಳೆದದ್ದು ಊರೂರು ತಿರುಗುವ ಮೇಳಗಳಲ್ಲಿ, ನಮ್ಮ ಜಾತ್ರೆಗಳಂಥ ‘ಕಾರ್ನಿವಲ್’ಗಳಲ್ಲಿ. ಅಲ್ಲಿನ ಪೈಲ್ವಾನರ ಒಳಮಾತಿನಲ್ಲಿ ಮೊದಲೇ ಮಾತಾಡಿಕೊಂಡ ಆಟಕ್ಕೆ ‘ವರ್ಕ್’, ನಿಜವಾದ ಹೋರಾಟಕ್ಕೆ ‘ಶೂಟ್’, ನಂಬಿ ಕೂತ ಪ್ರೇಕ್ಷಕನಿಗೆ ‘ಮಾರ್ಕ್’. ಒಳ್ಳೆಯವನ ಪಾತ್ರ ‘ಫೇಸ್’, ಕೇಡಿಗನ ಪಾತ್ರ ‘ಹೀಲ್’. ಇಡೀ ನಾಟಕವನ್ನು ಹೊರಗಿನವರೆದುರು ನಿಜವೆಂದೇ ಕಾಪಾಡಿಕೊಂಡು ಬರುವ ಕಟ್ಟುಪಾಡಿಗೆ ‘ಕೇಫೇಬ್’. ಹೊರಗಿನವನು ಹತ್ತಿರ ಬಂದರೆ ಆ ಪದವನ್ನೇ ಎಚ್ಚರಿಕೆಯಾಗಿ ಉಸುರುತ್ತಿದ್ದರಂತೆ. 1989ರಲ್ಲಿ ಅಲ್ಲಿನ ಅತಿ ದೊಡ್ಡ ಕಂಪನಿಯೇ ನ್ಯೂಜೆರ್ಸಿಯ ಶಾಸಕರ ಮುಂದೆ, ನಮ್ಮದು ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಕ್ರೀಡಾ ಆಯೋಗದ ನಿಯಮಗಳಿಂದಲೂ ಶುಲ್ಕದಿಂದಲೂ ತಪ್ಪಿಸಿಕೊಳ್ಳುವುದಕ್ಕೆ! ಗುಟ್ಟು ರಟ್ಟಾಗಿ ದಶಕಗಳಾದರೂ ಆ ಪದಗಳು ಉಳಿದಿವೆ, ಅಭಿಮಾನಿಗಳ ಬಾಯಲ್ಲಿ ಇನ್ನೂ ಹೆಚ್ಚಾಗಿ. ನನ್ನ ಓರಗೆಯವರು ಶಾಲೆಯಲ್ಲಿ ಆಡಿದ ಇಸ್ಪೀಟಿನಂಥ ಕಾರ್ಡುಗಳಲ್ಲಿದ್ದ ಅಂಡರ್‌ಟೇಕರ್ ಸತ್ತು ಬದುಕುವುದನ್ನು ನಂಬಿದ್ದವರೇ, ಅಂದರೆ ನಾವೆಲ್ಲ ‘ಮಾರ್ಕ್’ಗಳೇ.

ಗರಡಿಯ ಮಾತುಗಳು ಈ ಜಾತಿಯವಲ್ಲ. ಅಲ್ಲಿನ ಒಳಮಾತು ಹೊರಗಿನವರಿಂದ ಮುಚ್ಚಿಡುವುದಕ್ಕೆ ಹುಟ್ಟಿದ್ದಲ್ಲ. ಮೈಗೆ ಪಾಠ ಹೇಳುವುದಕ್ಕೆ ಹುಟ್ಟಿದ್ದು. ಹಾಗಾಗಿಯೇ ಅದು ಗರಡಿಯೊಳಗೆ ಉಳಿಯದೆ ಮನೆ, ಶಾಲೆ, ನಾಟಕ ಕಂಪನಿ, ಪತ್ರಿಕೆಗಳ ತನಕ ಹರಿದುಹೋಯಿತು. ಸಾಹಿತ್ಯದ ವಿದ್ಯಾರ್ಥಿಗಳಂತೂ ದಿನಕ್ಕೊಮ್ಮೆಯಾದರೂ ‘ಇಂಥವರ ಗರಡಿಯಲ್ಲಿ ಪಳಗಿದವರು’ ಎಂದು ಓದುತ್ತೇವೆ, ಬರೆಯುತ್ತೇವೆ. ವಿಮರ್ಶಕ ‘ಪಟ್ಟುಬಿಡದೆ’ ವಾದಿಸುತ್ತಾನೆ, ಕವಿ ಪರಂಪರೆಗೆ ‘ಸೆಡ್ಡು ಹೊಡೆಯುತ್ತಾನೆ’, ಕತೆಗಾರ ಎರಡನೆಯ ಸಂಕಲನದಲ್ಲಿ ‘ವರಸೆ ಬದಲಿಸುತ್ತಾನೆ’. ನಾಟಕದವರು ‘ತಾಲೀಮು’ ನಡೆಸುತ್ತಾರೆ. ಮೈಸೂರಿನಲ್ಲಿ ದಸರಾ ಆನೆಗಳಿಗೂ ತಾಲೀಮೇ. ಈ ತಾಲೀಮು ಅರಬ್ಬಿಯ ‘ತಅಲೀಮ್’, ಅಂದರೆ ಬೋಧನೆ. ಮರಾಠಿಯಲ್ಲಿ ಅದು ಕುಸ್ತಿಯ ಮನೆಗೇ ಹೆಸರಾಗಿ ನಿಂತಿತು. ಗರಡಿಗೆ ಕಾಲಿಡದವರೂ ಬಾಲ್ಯದಲ್ಲಿ ಅದರ ಒಂದು ಪದವನ್ನು ಮೈಯಿಂದಲೇ ಕಲಿತಿರುತ್ತಾರೆ: ‘ಬಸ್ಕಿ’. ಮೇಷ್ಟರು ಹೊಡೆಸಿದ್ದು, ಗಣಪತಿಯ ಮುಂದೆ ಹೊಡೆದದ್ದು. ಪೈಲ್ವಾನನಿಗೆ ಅದು ಶಿಕ್ಷೆಯಲ್ಲ, ಬೆಳಗಿನ ಮೊದಲ ಕೆಲಸ.

ಮಾತುಗಳನ್ನು ಪದರ ಪದರವಾಗಿ ಬಿಡಿಸುತ್ತ ಹೋದರೆ ಈ ನೆಲದ ರಾಜಕೀಯ ಚರಿತ್ರೆ ಸಿಗುತ್ತದೆ. ಅತ್ಯಂತ ಕೆಳಗಿನ ಪದರದಲ್ಲಿರುವುದು ಮಲ್ಲ ಮತ್ತು ಜಟ್ಟಿ. (ಹೊಸಪೇಟೆ–ಹಂಪಿ ದಾರಿಯ ಮಲಪನಗುಡಿಯನ್ನು ಕುಸ್ತಿಯವರ ಊರೆಂದು ಹೇಳಹೊರಡಬೇಡಿ, ಅಲ್ಲಿನ ಮಲ್ಲಪ್ಪ ಮಲ್ಲಿಕಾರ್ಜುನ.) ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಭಾಗವಿದೆ. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ವರ್ಗ ಮಾಡುವುದು ಹೇಗೆ, ದೊರೆ ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಒದಗಿಸಬೇಕಾದದ್ದು, ಅವರು ಅಂತಃಪುರದ ಹೆಂಗಸರಿಂದ ದೂರ ಇರಬೇಕಾದದ್ದು ಎಲ್ಲ ಅಲ್ಲಿದೆ. ಅಲ್ಲಿ ಬರುವ ಮೇಲ್ದರ್ಜೆಯ ಮಲ್ಲನ ಹೆಸರು ‘ಜ್ಯೇಷ್ಠಿಕ’. ನಮ್ಮ ಜಟ್ಟಿ ಈ ಬಳಗದ ಪದ. ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರಿಗೆ ‘ಮಲ್ಲಪುರಾಣ’ ಎಂಬ ತಮ್ಮದೇ ಪುರಾಣವೂ ಇದೆ.

ಮಾನಸೋಲ್ಲಾಸದಲ್ಲಿ ಒಂದು ವಿಚಿತ್ರವಿದೆ. ಪಟ್ಟುಗಳ ಹೆಸರುಗಳನ್ನು ಅದು ಹೇಳುತ್ತದೆ, ಪಟ್ಟು ಹಾಕುವುದು ಹೇಗೆಂದು ಹೇಳುವುದಿಲ್ಲ. ಬರೆದ ಕಾಲದಲ್ಲಿ ಅದರ ಅಗತ್ಯವಿರಲಿಲ್ಲ. ಹೆಸರು ಕೇಳಿದರೆ ಮೈ ತಾನಾಗಿ ನೆನಪಿಸಿಕೊಳ್ಳುವ ಜನ ಅರಮನೆಯ ಅಂಗಳದಲ್ಲೇ ಇದ್ದರು. ಇವತ್ತು ನಮ್ಮ ಕೈಯಲ್ಲಿ ಉಳಿದಿರುವುದು ಹಿಡಿತವಿಲ್ಲದ ಹೆಸರುಗಳು. ಈ ಮಾತಿಗೆ ಮತ್ತೆ ಬರುತ್ತೇನೆ.

ವಿಜಯನಗರದ ಕಾಲಕ್ಕೆ ಬಂದರೆ ನಮಗೆ ಸಾಕ್ಷಿ ಹೇಳುವವರು ಪೋರ್ಚುಗೀಸರು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದ ಡೊಮಿಂಗೊ ಪಾಯೆಸ್ ದೊರೆಯ ಬೆಳಗಿನ ದಿನಚರಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ತಿಕ್ಕಿಸಿಕೊಂಡು, ಸೊಂಟಕ್ಕೊಂದು ತುಂಡುಬಟ್ಟೆ ಸುತ್ತಿ, ಮಣ್ಣಿನಲ್ಲಿ ಮಾಡಿದ ದೊಡ್ಡ ಭಾರಗಳನ್ನು ತೋಳಲ್ಲಿ ಎತ್ತಿ, ಕತ್ತಿ ತಿರುಗಿಸಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಮಲ್ಲರಲ್ಲೊಬ್ಬನ ಜೊತೆ ಕಾಳಗಕ್ಕೆ ಇಳಿಯುತ್ತಿದ್ದನಂತೆ. ಆಮೇಲೆ ಕುದುರೆ. ಅದಾದ ಮೇಲೆ ಸ್ನಾನ, ಪೂಜೆ, ರಾಜ್ಯಭಾರ. ‘ಅಮುಕ್ತಮಾಲ್ಯದ’ ಬರೆದ ಕವಿಯ ದಿನ ಶುರುವಾಗುತ್ತಿದ್ದದ್ದು ಹೀಗೆ.

ಮಹಾನವಮಿಯ ಕುಸ್ತಿಯನ್ನು ಕಂಡ ಪಾಯೆಸ್‌ಗೆ ಅದು ತಮ್ಮ ನಾಡಿನ ಕುಸ್ತಿಯಂತೆ ಕಾಣಲಿಲ್ಲ. ಹಲ್ಲು ಮುರಿಯುವ, ಕಣ್ಣು ಕಳೆಯುವ, ಮುಖ ಗುರುತು ಸಿಗದಂತಾಗುವ ಪೆಟ್ಟುಗಳು. ಮಾತು ಹೊರಡದ ಸ್ಥಿತಿಯಲ್ಲಿದ್ದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ತೀರ್ಪುಗಾರರೂ ಇದ್ದರೆಂದು ಬರೆಯುತ್ತಾನೆ. ಕೆಲವು ವರ್ಷಗಳ ನಂತರದ ಫರ್ನಾವೊ ನೂನಿಜ್ ಇನ್ನೊಂದು ವಿವರ ಕೊಡುತ್ತಾನೆ: ಈ ಹಬ್ಬಕ್ಕೆಂದೇ ದೊರೆಯ ಬಳಿ ಸಾವಿರ ಮಲ್ಲರಿದ್ದರು, ಅವರು ಕೈಯಲ್ಲಿ ಮೊನೆಗಳಿರುವ ಬಳೆಯಂಥ ಸಾಧನ ಹಿಡಿದು ಹೊಡೆದಾಡುತ್ತಿದ್ದರು, ಮತ್ತು ಹೆಚ್ಚು ಗಾಯಗೊಂಡವನು ಹೋಗಿ ರೇಷ್ಮೆ ಬಟ್ಟೆಯನ್ನು ಉಡುಗೊರೆಯಾಗಿ ಪಡೆಯುತ್ತಿದ್ದ. ಹೆಚ್ಚು ಗಾಯಗೊಂಡವನಿಗೆ! ಇಂದಿನ ಲೆಕ್ಕದಲ್ಲಿ ಸೋತವನಿಗೆ. ಕುಸ್ತಿಯೆಂದರೆ ಗೆಲ್ಲುವುದು ಎಂಬ ನಮ್ಮ ಅರ್ಥ ಅಲ್ಲಿ ಕೂರುವುದಿಲ್ಲ. ಅದು ದೇವಿಯ ಹಬ್ಬದಲ್ಲಿ ರಕ್ತ ಅರ್ಪಿಸುವ ಕ್ರಿಯೆ. ರಕ್ತ ಕೊಟ್ಟವನಿಗೇ ಮರ್ಯಾದೆ.

ನೂನಿಜ್ ಕಂಡದ್ದರ ಬಂಧು ಇಂದಿಗೂ ಜೀವಂತವಾಗಿದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳಿಂದ ಬರುವ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಯಿರುವ ಮುಷ್ಟಿ ಹಾಕಿಕೊಂಡು ಇಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕ್ಷಣ ಕಾಳಗ ಮುಗಿಯಿತು. ಎಷ್ಟೋ ಸಲ ಒಂದು ನಿಮಿಷವೂ ಆಗಿರುವುದಿಲ್ಲ. ವಿಜಯನಗರದ ಮಹಾನವಮಿಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರೆಂಬುದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ನಮ್ಮಲ್ಲಿ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಮಲ್ಲರ ಉಬ್ಬುಚಿತ್ರಗಳು ಉಳಿದವು, ಅಲ್ಲಿ ರಕ್ತ ಉಳಿಯಿತು.

ಜಟ್ಟಿ ಎಂಬ ಪದದ ಹಿಂದೆ ಒಂದು ಸಮುದಾಯವಿದೆ, ಅರಮನೆಯಿದೆ. ಜಟ್ಟಿಯಾಗಲು ಜಟ್ಟಿಯಾಗಿ ಹುಟ್ಟಬೇಕು. ಪೈಲ್ವಾನ್ ಹಾಗಲ್ಲ. ಪಾರ್ಸಿಯ ‘ಪಹ್ಲವಾನ್’, ಪ್ರಾಚೀನ ಇರಾನಿನ ಪಾರ್ಥಿಯನ್ನರ ಹೆಸರಿನಿಂದ ಬಂದ ಪದ, ದಖ್ಖನಿನ ಉರ್ದುವಿನಲ್ಲಿ ಉರುಳಿ ನಮ್ಮ ಬಾಯಿಗೆ ‘ಪೈಲ್ವಾನ್’ ಆಗಿ ಬಂದಿತು. ಹೈದನೊಬ್ಬ ಮಣ್ಣಿಗೆ ಇಳಿದು ಉಸ್ತಾದರ ಕಾಲು ಮುಟ್ಟಿದರೆ ಅವನು ಪೈಲ್ವಾನನಾಗಬಹುದು; ಕುರುಬರವನೋ ನಾಯಕರವನೋ ಮುಸಲ್ಮಾನನೋ ಲಿಂಗಾಯತನೋ ಎಂಬುದು ಆಮೇಲಿನ ಮಾತು. ‘ಜಟ್ಟಿ’ಯಿಂದ ‘ಪೈಲ್ವಾನ್’ಗೆ ಆದ ಬದಲಾವಣೆಯನ್ನು ದೇಶೀ ಪದ ಹೋಗಿ ಪರದೇಶಿ ಪದ ಬಂತು ಎಂದು ಓದುವವರಿದ್ದಾರೆ. ನನಗೆ ಅದರಲ್ಲಿ ಹೆಚ್ಚು ಮುಖ್ಯವಾಗಿ ಕಾಣುವುದು ಬೇರೆ. ಅರಮನೆಯ ಅಂಗಳದಲ್ಲಿ ಒಂದು ಕುಲದ ವಿದ್ಯೆಯಾಗಿದ್ದದ್ದು ಪೇಟೆಯ, ಹಳ್ಳಿಯ ವಿದ್ಯೆಯಾದಾಗ ಅದಕ್ಕೆ ಹೊಸ ಹೆಸರು ಬೇಕಾಯಿತು, ಆ ಹೊತ್ತಿಗೆ ಕೈಗೆ ಸಿಕ್ಕ ಭಾಷೆ ದಖ್ಖನಿ. ಮೈಸೂರಿನ ‘ಹತ್ತು ಜನರ ಗರಡಿ’ಯ ಹೆಸರನ್ನೇ ನೋಡಿ: ಅಲ್ಲಿ ದೊರೆಯಿಲ್ಲ, ಕುಲವಿಲ್ಲ, ಹತ್ತು ಜನ ಇದ್ದಾರೆ.

1565ರ ನಂತರ ನಮ್ಮ ಸೀಮೆ ಕಂಡ ಆಳ್ವಿಕೆಗಳ ಪಟ್ಟಿ ಉದ್ದದ್ದು: ಬಿಜಾಪುರದ ಆದಿಲ್‌ಶಾಹಿಗಳು, ಮರಾಠರು, ಪಾಳೆಯಗಾರರು, ಹೈದರ್–ಟಿಪ್ಪು, 1800ರಿಂದ ಕಂಪನಿ ಸರ್ಕಾರ. ಪಕ್ಕದ ಸಂಡೂರು ಮಾತ್ರ ಘೋರ್ಪಡೆ ಮನೆತನದ ಮರಾಠಾ ಸಂಸ್ಥಾನವಾಗಿ 1949ರವರೆಗೂ ಉಳಿಯಿತು. ಹಾಗಾಗಿ ಈ ಕಡೆಯ ಅಖಾಡದ ಮಾತಿನಲ್ಲಿ ಉರ್ದುವೂ ಮರಾಠಿಯೂ ಒಂದರ ಮೇಲೊಂದು ಕೂತಿರುವುದು ಆಶ್ಚರ್ಯವಲ್ಲ. ಉತ್ತರಕ್ಕೆ ಹೋದಷ್ಟೂ ಮರಾಠಿಯ ಪಾಲು ಹೆಚ್ಚು. ಅದಕ್ಕೆ ಕೊಲ್ಹಾಪುರವೂ ಕಾರಣ. ಶಾಹು ಮಹಾರಾಜರು ಕಟ್ಟಿಸಿ 1912ರಲ್ಲಿ ಮುಗಿದ ಖಾಸಬಾಗ್ ಮೈದಾನ ಗಡಿಯ ಈಚೆಗಿನ ಪೈಲ್ವಾನರಿಗೂ ಕಾಶಿಯೇ ಆಗಿತ್ತು. ಬೆಳಗಾವಿ, ಧಾರವಾಡದ ಪತ್ರಿಕಾ ವರದಿಗಳಲ್ಲಿ ‘ಘಿಸ್ಸಾ ಡಾವಿನ ಮೇಲೆ ಚಿತ್ ಮಾಡಿದ’ ಎಂಬ ವಾಕ್ಯ ಸಾಮಾನ್ಯ. ಡಾವು ಎಂದರೆ ಪಟ್ಟು. ಘಿಸ್ಸಾ, ಢಾಕ್, ಏಕಲಂಗಿ, ಘುಟನಾ, ಕಲಾಜಂಗ್, ಮೋಳಿ. ಕೆಲವು ಹೆಸರುಗಳು ಚಿತ್ರವನ್ನೇ ಕೊಡುತ್ತವೆ: ಮೋಳಿ ಎಂದರೆ ಮರಾಠಿಯಲ್ಲಿ ಸೌದೆಯ ಹೊರೆ, ಘುಟನಾ ಎಂದರೆ ಮೊಣಕಾಲು. ಒಂದೇ ಪದ ಎರಡು ಊರಲ್ಲಿ ಎರಡು ಕೆಲಸ ಮಾಡುವುದೂ ಉಂಟು. ಬನಾರಸಿನ ಅಖಾಡದಲ್ಲಿ ‘ಜೋರ್’ ಎಂದರೆ ಜೊತೆಗಾರನೊಡನೆ ಮಾಡುವ ಕುಸ್ತಿಯ ಅಭ್ಯಾಸ. ಮರಾಠಿಯ ತಾಲೀಮಿನಲ್ಲಿ ‘ಜೋರ್’ ಎಂದರೆ ದಂಡ ಹೊಡೆಯುವುದು. ಬನಾರಸಿನ ಅಖಾಡಗಳ ಬಗ್ಗೆ ಜೋಸೆಫ್ ಆಲ್ಟರ್ ಬರೆದ ‘ದಿ ರೆಸ್ಲರ್ಸ್ ಬಾಡಿ’ (1992) ಓದುವಾಗ ಇಂಥ ಕಡೆ ನಮ್ಮವರು ತುಸು ಎಚ್ಚರವಾಗಿರಬೇಕು.

ಆದರೆ ಎಲ್ಲವೂ ಎರವಲಲ್ಲ, ಮತ್ತು ಎರವಲಾಗದೆ ಉಳಿದದ್ದು ಯಾವುದು ಎಂಬುದರಲ್ಲೇ ಸ್ವಾರಸ್ಯವಿದೆ. ಸಂಸ್ಥೆಯ ಪದಗಳು, ಅಂದರೆ ಉಸ್ತಾದ್, ಪೈಲ್ವಾನ್, ಅಖಾಡ, ತಾಲೀಮು, ಖುರಾಕು, ಸಲಾಮಿ, ಹೊರಗಿನಿಂದ ಬಂದವು. ನೆಲ ಮತ್ತು ಮೈ ಒಂದನ್ನೊಂದು ಮುಟ್ಟುವ ಕಡೆ ಕನ್ನಡ ಜಾಗ ಬಿಟ್ಟುಕೊಡಲಿಲ್ಲ: ಹಿಡಿ, ಪಟ್ಟು, ತೊಡೆ ತಟ್ಟು, ಕಾಲು ಕೊಡು, ಬೆನ್ನು ಮಣ್ಣು ಮಾಡು. ಸಂಗ್ರಾಣಿ ಕಲ್ಲು, ಗುಂಡು, ಗರಡಿ. ಇವುಗಳ ನಡುವೆ ಯಾರ ಸೊತ್ತೆಂದು ಕೇಳುವುದೇ ತಪ್ಪಾಗುವ ಪದವೊಂದಿದೆ. ತೋಳನ್ನೋ ತೊಡೆಯನ್ನೋ ಅಂಗೈಯಿಂದ ಬಡಿದು ‘ಬಾ’ ಎಂದು ಕರೆಯುವುದಕ್ಕೆ ನಾವು ‘ಸೆಡ್ಡು ಹೊಡೆ’ ಎನ್ನುತ್ತೇವೆ, ಮರಾಠಿಗರು ‘ಶಡ್ಡು ಠೋಕಣೆ’ ಎನ್ನುತ್ತಾರೆ. ಸೆಡ್ಡಿಗೆ ಸೆಡ್ಡು, ಗಡಿಯ ಎರಡೂ ಬದಿಗೆ ಒಂದೇ ಸದ್ದು.

ಗರಡಿ ಎಂಬ ಪದ ತುಳುನಾಡಿಗೆ ಹೋದರೆ ಕೋಟಿ–ಚೆನ್ನಯರ ಗುಡಿಯಾಗುತ್ತದೆ. ಅದು ಪೂರ್ತಿ ಬೇರೆ ಕತೆಯಲ್ಲ. ನಮ್ಮ ಗರಡಿಯೊಳಗೂ ಆಂಜನೇಯನಿದ್ದಾನೆ, ಮಣ್ಣಿಗೆ ಪೂಜೆಯಿದೆ. ಮೈಸೂರಿನವರು ಆ ಮಣ್ಣಿನ ಅಂಕಣವನ್ನು ‘ಮಟ್ಟಿ’ ಎನ್ನುತ್ತಾರೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ತುಪ್ಪ, ಅರಿಶಿನ, ಕುಂಕುಮ, ಕರ್ಪೂರ, ಬೇವು ಸೇರಿಸಿ ಹದ ಮಾಡಿದ್ದು. ನಮ್ಮೂರ ಸುತ್ತ ‘ಮಣ್ಣು’ ಎಂದರೆ ಟನ್ ಲೆಕ್ಕದ ಅದಿರು, ಲಾರಿ, ರೇಟು. ಅದೇ ಕೆಂಪು, ಅದೇ ಪದ.

ಇನ್ನು ಮೀಸೆಯ ವಿಷಯ. ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ನಾವು ಸೋಲೊಪ್ಪದ ಜಂಬದವನನ್ನು ಹಂಗಿಸಲು ಬಳಸುತ್ತೇವೆ. ಬಿದ್ದದ್ದು ಬಿದ್ದಾಯಿತು, ಆದರೆ ಮೀಸೆ ಮಾತ್ರ ಚೊಕ್ಕ ಎಂದು ಸಮರ್ಥಿಸಿಕೊಳ್ಳುವವನು. ಇಷ್ಟು ಅರ್ಥ ಗರಡಿ ಕಾಣದವನಿಗೂ ಸಿಗುತ್ತದೆ. ಆದರೆ ಅಖಾಡದ ಎರಡು ಪದಗಳನ್ನು ಪಕ್ಕಕ್ಕಿಟ್ಟು ಓದಿದರೆ ಗಾದೆ ಇನ್ನೂ ಕಟುವಾಗುತ್ತದೆ. ಬೆನ್ನು ನೆಲಕ್ಕೆ ತಾಗಿ ಮುಖ ಆಕಾಶ ನೋಡಿದರೆ ಅದು ‘ಚಿತ್’, ಸೋತಂತೆ. ಉತ್ತರದ ಕಡೆ ‘ಆಸ್ಮಾನ್ ತೋರಿಸಿದ’ ಎನ್ನುವುದು ಇದಕ್ಕೇ. ಹೊಟ್ಟೆ ಕೆಳಗಾಗಿ ಮುಖ ಮಣ್ಣಿಗೆ ತಾಗಿದರೆ ಅದು ‘ಪಟ್’, ಇನ್ನೂ ಸೋತಿಲ್ಲ. ಮೇಲೆ ಕೂತವನು ಮಗುಚಿ ಹಾಕುವ ತನಕ ಕುಸ್ತಿ ನಡೆಯುತ್ತಲೇ ಇರುತ್ತದೆ. ಅಂದರೆ ಬಿದ್ದ ಜಟ್ಟಿಯ ಮೀಸೆ ಮಣ್ಣಾಗಿದ್ದಿದ್ದರೆ ಅವನಿಗೆ ಇನ್ನೂ ಅವಕಾಶವಿತ್ತು. ಮೀಸೆ ಮಣ್ಣಾಗಲಿಲ್ಲ ಎಂದು ಅವನು ಎತ್ತಿ ತೋರಿಸುತ್ತಿರುವುದು ತನ್ನ ಸೋಲಿನ ಪುರಾವೆಯನ್ನೇ! ಗಾದೆ ಕಟ್ಟಿದವನು ಯಾರೋ ಅಖಾಡದ ಅಂಚಿನಲ್ಲಿ ಕೂತು ನಿಯಮ ಬಲ್ಲವನೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಒಳಗಿನವರಿಗೆ ಮಾತ್ರ ಪೂರ್ತಿ ನಗು ತರಿಸುವ ಹಾಸ್ಯವೊಂದು ಹೊರಗಿನವರ ಬಾಯಲ್ಲಿ ಅರ್ಧ ಅರ್ಥದಲ್ಲೇ ನಿಂತುಬಿಟ್ಟಿದೆ.

ಮೀಸೆಯನ್ನು ಮಣ್ಣು ಮಾಡಿಕೊಂಡೇ ಸೋಲು ತಪ್ಪಿಸಿಕೊಂಡವನ ನಿದರ್ಶನ ಜಗತ್ಪ್ರಸಿದ್ಧವಾದದ್ದು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲ್ವಾನ್ ಪೋಲೆಂಡಿನ ಸ್ಟಾನಿಸ್ಲಾಸ್ ಝ್‌ಬಿಸ್ಕೊ ಜೊತೆ ಕಾದಿದ. ಶುರುವಾದ ಸ್ವಲ್ಪ ಹೊತ್ತಿಗೇ ಗಾಮಾ ಅವನನ್ನು ಕೆಡವಿದ. ಆಮೇಲೆ ಝ್‌ಬಿಸ್ಕೊ ಹೊಟ್ಟೆಯ ಮೇಲೆ ಮಲಗಿ ಚಾಪೆಯನ್ನು ಅಪ್ಪಿಕೊಂಡವನು ಎರಡು ಗಂಟೆಗೂ ಮೀರಿ ಏಳುವ ಮನಸ್ಸು ಮಾಡಲಿಲ್ಲ. ಕುಸ್ತಿ ಸಮ ಎಂದಾಯಿತು. ಮುಂದಿನ ವಾರ ಮತ್ತೆ ಕಾದಬೇಕಿತ್ತು, ಝ್‌ಬಿಸ್ಕೊ ಬರಲಿಲ್ಲ. ಗಾಮಾನಿಗೆ ಜಾನ್ ಬುಲ್ ಪಟ್ಟಿ ಸಿಕ್ಕಿತು. 1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೇ ಮುಗಿಸಿದ. ನಮ್ಮ ಜಾತ್ರೆಯ ಪೋಸ್ಟರುಗಳು ‘ನಿಕಾಲಿ’ ಎಂದು ಒತ್ತಿ ಹೇಳುವುದು ಯಾಕೆಂದು ಲಂಡನ್ನಿನ ಆ ದಿನದ ಪ್ರೇಕ್ಷಕರಿಗೆ ಬೇಗ ಅರ್ಥವಾಗುತ್ತಿತ್ತು.

ಹಾಗಾದರೆ ನಮ್ಮಲ್ಲಿ ಮೊದಲೇ ಮಾತಾಡಿಕೊಂಡ ಕುಸ್ತಿ ಇರಲಿಲ್ಲವೇ? ಇತ್ತು. ಉರ್ದುವಿನಲ್ಲಿ ಅದಕ್ಕೆ ‘ನೂರಾ ಕುಸ್ತಿ’ ಎಂಬ ಹೆಸರೇ ಇದೆ. ಪಾಕಿಸ್ತಾನದ ರಾಜಕೀಯ ವರದಿಗಳಲ್ಲಿ ಅದು ದಿನಬಳಕೆಯ ಪದ. 1950ರ ದಶಕದಲ್ಲಿ ದೇಶದ ಕ್ರೀಡಾಂಗಣಗಳಲ್ಲಿ ಕಿಂಗ್‌ಕಾಂಗ್ ಎಂಬ ಹೆಸರಿನ ಭಾರೀ ದೇಹದ ಎಮಿಲ್ ಚಾಯಾ ಮತ್ತು ದಾರಾ ಸಿಂಗ್ ನಡೆಸಿದ ‘ಫ್ರೀಸ್ಟೈಲ್’ ಪಂದ್ಯಗಳನ್ನು ನೋಡಲು ಜನ ಮುಗಿಬಿದ್ದರು. ದಾರಾ ಸಿಂಗ್ 1968ರಲ್ಲಿ ಮುಂಬೈಯಲ್ಲಿ ಲೂ ಥೆಜ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಎನಿಸಿಕೊಂಡರು. ಈ ಲೋಕ ಗರಡಿಯದಲ್ಲ, ಅಮೆರಿಕದ ಕುಸ್ತಿಯ ತಮ್ಮ. ಫ್ರಾನ್ಸಿನ ರೋಲಾಂ ಬಾರ್ತ್ 1957ರ ‘ಮಿಥಾಲಜೀಸ್’ನಲ್ಲಿ ಇಂಥ ಕುಸ್ತಿಯನ್ನು ಕ್ರೀಡೆಯೆಂದು ನೋಡಬೇಡಿ, ರಂಗಪ್ರದರ್ಶನವೆಂದು ನೋಡಿ ಎಂದು ವಾದಿಸಿದ್ದ. ನಮ್ಮ ತರಗತಿಗಳಲ್ಲಿ ಆ ಪ್ರಬಂಧವನ್ನು ಓದುತ್ತೇವೆ, ಗರಡಿಗೂ ಅನ್ವಯಿಸಿಬಿಡುತ್ತೇವೆ. ಅದು ಸರಿಹೋಗುವುದಿಲ್ಲ. ಬಾರ್ತ್ ಕಂಡ ಪ್ಯಾರಿಸ್ಸಿನ ಕುಸ್ತಿಯಲ್ಲಿ ಯಾರು ಗೆಲ್ಲುತ್ತಾರೆಂಬುದು ಮುಖ್ಯವೇ ಅಲ್ಲ, ನೋವು ಚೆನ್ನಾಗಿ ಕಾಣಬೇಕು. ನಮ್ಮ ಜಾತ್ರೆಯ ಅಖಾಡದ ಸುತ್ತ ಕೂತವನು ನೋವು ನೋಡಲು ಬಂದವನಲ್ಲ, ನಿಕಾಲಿ ನೋಡಲು ಬಂದವನು. ಅವನ ಕಣ್ಣು ಸೋಲುವವನ ಮುಖದ ಮೇಲಲ್ಲ, ಭುಜ ಮತ್ತು ಮಣ್ಣಿನ ನಡುವಿನ ಅಂತರದ ಮೇಲೆ ನೆಟ್ಟಿರುತ್ತದೆ.

ಈ ವ್ಯತ್ಯಾಸ ಇನ್ನೊಂದು ಪದದಲ್ಲಿ ಸ್ಪಷ್ಟವಾಗುತ್ತದೆ. ಅಮೆರಿಕದ ಕುಸ್ತಿಯಲ್ಲಿ ‘ಬುಕರ್’ ಎಂಬವನು ಯಾರು ಗೆಲ್ಲಬೇಕೆಂದು ನಿರ್ಧರಿಸುತ್ತಾನೆ. ನಮ್ಮಲ್ಲಿ ಹಿರಿಯರು ಮಾಡುವ ಕೆಲಸಕ್ಕೆ ‘ಜೋಡಿ ಕಟ್ಟುವುದು’ ಎನ್ನುತ್ತಾರೆ. ದಸರಾ ಕುಸ್ತಿಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುವುದಕ್ಕೇ ಒಂದು ದಿನ ಇರುತ್ತದೆ; ವಜ್ರಮುಷ್ಟಿಗೂ ಹಾಗೆಯೇ. ವಯಸ್ಸು, ತೂಕ, ಹಿಂದಿನ ಕುಸ್ತಿಗಳು, ಮೈಯ ಹದ ಇವೆಲ್ಲವನ್ನೂ ಕಣ್ಣಳತೆಯಲ್ಲಿ ನೋಡಿ ಇವನಿಗೆ ಇವನು ಸರಿಜೋಡಿ ಎನ್ನುವುದು. ಹಿರಿಯರ ಅಧಿಕಾರ ಅಲ್ಲಿಗೆ ಮುಗಿಯಿತು. ಜೋಡಿ ಸರಿಯಿಲ್ಲದಿದ್ದರೆ ಜನ ಕೂಗುತ್ತಾರೆ, ಯಾಕೆಂದರೆ ತೀರ್ಮಾನ ಆಗಲೇ ಆಗಿಹೋಗಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಮೋಸ ಮಾಡಬೇಕೆಂದಿದ್ದರೆ ಅದಕ್ಕಿರುವ ಬಾಗಿಲು ಇದೊಂದೇ, ಆದ್ದರಿಂದ ಅದನ್ನು ಎಲ್ಲರ ಎದುರು ತೆರೆದಿಟ್ಟು ಮಾಡುತ್ತಾರೆ.

ಗರಡಿಯ ಮಾತು ಪತ್ರಿಕೆಗಳಿಗೆ ಹೋದಾಗ ಈ ನಿಖರತೆ ಉಳಿಯಲಿಲ್ಲ. ಚುನಾವಣೆ ಬಂದರೆ ಕ್ಷೇತ್ರಗಳೆಲ್ಲ ಅಖಾಡ, ಟಿಕೆಟ್ಟಿಗಾಗಿ ಕಸರತ್ತು, ಸೋತವನು ಚಿತ್. 2018ರ ಸಮ್ಮಿಶ್ರ ಸರ್ಕಾರಕ್ಕೆ ‘ದೋಸ್ತಿ ಸರ್ಕಾರ’ ಎಂದು ಹೆಸರಿಟ್ಟ ಮಾಧ್ಯಮಗಳಿಗೆ ಪ್ರಾಸಕ್ಕೆ ಕುಸ್ತಿ ಸಿದ್ಧವಾಗಿಯೇ ಇತ್ತು. ಸಿನಿಮಾಕ್ಕೂ ‘ಪೈಲ್ವಾನ್’ (2019) ಸಿಕ್ಕಿತು. ಬಳಕೆಯಿಂದ ಪದ ಸವೆಯುವುದು ಸಹಜ, ಅದಕ್ಕೆ ಗೊಣಗುವುದಿಲ್ಲ. ಗೊಣಗಬೇಕಾದದ್ದು ಇದು: ಪದಗಳು ಊರೆಲ್ಲ ತಿರುಗುತ್ತಿರುವಾಗ ಅವು ಹುಟ್ಟಿದ ಮನೆಯಲ್ಲಿ ಅವುಗಳನ್ನು ಬಳಸುವವರು ಕಡಿಮೆಯಾಗುತ್ತಿದ್ದಾರೆ. ಹಂಪಿ ಉತ್ಸವದಲ್ಲಿ ಕುಸ್ತಿಯೂ ಗುಂಡು ಎತ್ತುವ ಸ್ಪರ್ಧೆಯೂ ಇವೆ, ಜನವೂ ಸೇರುತ್ತಾರೆ. ಆದರೆ ಹುಡುಗರು ಕಲಿಯುತ್ತಿರುವುದು ಹೆಚ್ಚಾಗಿ ಚಾಪೆಯ ಮೇಲೆ. ಮೈಸೂರಿನವರು ಅದನ್ನು ‘ಪಾಯಿಂಟ್ ಕುಸ್ತಿ’ ಎಂದು ಕರೆದು ನಾಡಕುಸ್ತಿಯಿಂದ ಬೇರೆ ಇಟ್ಟಿದ್ದಾರೆ. ಹೆಸರೇ ಹೇಳುವಂತೆ ಅಲ್ಲಿ ಅಂಕ ಮುಖ್ಯ. ಚಿತ್ ಮಾಡದೆಯೂ ಗೆಲ್ಲಬಹುದು. ನೌಕರಿ, ಪದಕ, ಕ್ರೀಡಾ ವಸತಿ ನಿಲಯದ ಸೀಟು ಎಲ್ಲ ಆ ದಾರಿಯಲ್ಲಿರುವುದರಿಂದ ಹುಡುಗರನ್ನು ದೂರುವ ಹಾಗಿಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಕರಾಡ ಸೀಮೆಯ ಖಾಶಾಬಾ ಜಾಧವ್ ಮಣ್ಣಿನಿಂದ ಚಾಪೆಗೆ ಹೋದವರೇ. ಅವರ ಹೆಸರುವಾಸಿ ಪಟ್ಟು ಢಾಕ್. ಪಟ್ಟು ಅವರ ಜೊತೆ ಚಾಪೆಗೆ ಹೋಯಿತು. ಈಗ ಅದನ್ನೇ ಹಾಕುವ ಹುಡುಗನಿಗೆ ತರಬೇತುದಾರ ಹೇಳುವ ಹೆಸರು ‘ಹಿಪ್ ಥ್ರೋ’.

ಮಾನಸೋಲ್ಲಾಸದಲ್ಲಿ ಹೆಸರು ಉಳಿದು ಹಿಡಿತ ಹೋಯಿತು. ಈಗ ಹಿಡಿತ ಉಳಿದು ಹೆಸರು ಹೋಗುತ್ತಿದೆ. ಎರಡನೆಯದು ಅಷ್ಟೇನೂ ದೊಡ್ಡ ನಷ್ಟವಲ್ಲ, ಮೈಗೆ ಗೊತ್ತಿದ್ದರೆ ಸಾಕು ಎನ್ನುವ ಪೈಲ್ವಾನರೂ ಇದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಹೆಸರೇ ದಾಖಲೆ. ಢಾಕ್ ಎಂಬ ಹೆಸರಿದ್ದರೆ ಈ ಪಟ್ಟು ಯಾವ ದಾರಿಯಲ್ಲಿ ಯಾರ ಕೈಯಿಂದ ನಮ್ಮೂರಿಗೆ ಬಂತೆಂದು ಕೇಳಬಹುದು. ಹಿಪ್ ಥ್ರೋ ಎಂದ ಮೇಲೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ನಮ್ಮ ನಿಘಂಟುಗಳು ಪಟ್ಟುಗಳ ವಿಷಯದಲ್ಲಿ ಬಹಳ ಜಿಪುಣ; ‘ಕುಸ್ತಿಯ ಒಂದು ವರಸೆ’ ಎಂದು ಬರೆದು ಮುಂದೆ ಹೋಗುವ ಅಭ್ಯಾಸ. ಸೋಮೇಶ್ವರನೂ ಮಾಡಿದ್ದು ಇದನ್ನೇ.

ಹಾಗಾಗಿ ನಾನು ಪಟ್ಟುಗಳನ್ನು ಬರೆದುಕೊಳ್ಳುವಾಗ ಹೆಸರಿನ ಜೊತೆ ಮೈಯನ್ನೂ ಬರೆಯುತ್ತೇನೆ. ಒಂದು ನಮೂದು ಹೀಗಿದೆ. ಧೋಬಿ ಪಛಾಡ್: ಎದುರಾಳಿಯ ಒಂದು ತೋಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ಸರಕ್ಕನೆ ತಿರುಗಿ ಅವನಿಗೆ ಬೆನ್ನು ಕೊಡಬೇಕು. ಹಿಡಿದ ತೋಳು ಈಗ ತನ್ನ ಹೆಗಲ ಮೇಲಿರುತ್ತದೆ. ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗೆ ಇಳಿಸಿ, ಮುಂದಕ್ಕೆ ಬಾಗಿ, ತೋಳನ್ನು ಎಳೆಯುತ್ತ ಅವನ ಇಡೀ ಮೈಯನ್ನು ಹೆಗಲ ಮೇಲಿಂದ ಮುಂದಕ್ಕೆ ಒಗೆಯಬೇಕು. ಅಗಸ ನೆನೆದ ಬಟ್ಟೆಯನ್ನು ಹೆಗಲ ಮೇಲಿಂದ ತಂದು ಕಲ್ಲಿಗೆ ಬಡಿಯುವ ಹಾಗೆ. ಸರಿಯಾಗಿ ಬಿದ್ದರೆ ಬೆನ್ನು ನೆಲಕ್ಕೆ, ಮುಖ ಆಕಾಶಕ್ಕೆ. ಮೀಸೆಗೆ ಒಂದು ಕಣ ಮಣ್ಣೂ ಹತ್ತಿರುವುದಿಲ್ಲ.